ತಟ್ಟಿದಾಗಲೆಲ್ಲ ಒಂದು ಮನೆ

ಕಿವಿಗೆ ನೀರು ಬಿಡುವುದೇ ಉದ್ಯೋಗವಾದವಳನ್ನು ನೀರಕ್ಕ ಅನ್ನದೆ ಇನ್ನೇನು ಅಂದಾರು? ಆಸ್ಪತ್ರೆಯ ಎರಡನೇ ಮಹಡಿಯ ಕೊನೆಯ ಕೋಣೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ಅವಳದು ಅದೇ ಕೆಲಸ. ಕಿವಿ ಆಪರೇಷನ್ನಿಗೆ ಬಂದವರನ್ನು ಮಲಗಿಸಿ, ಕಣ್ಣಿಗೆ ಕಪ್ಪು ಕನ್ನಡಕ ಬಿಗಿದು, ಕಿವಿಯೊಳಗೆ ಅರ್ಧ ನಿಮಿಷ ಬೆಚ್ಚನೆಯ ನೀರು ಬಿಡುತ್ತಾಳೆ. ಒಳಗಿವಿ ಗಟ್ಟಿಯಾಗಿದ್ದರೆ ಕೋಣೆಯೇ ಗಿರಗಿರ ತಿರುಗಿದಂತಾಗಿ ಕಣ್ಣುಗುಡ್ಡೆ ಜಿಗಿಯತೊಡಗುತ್ತದೆ. ಕನ್ನಡಕದೊಳಗಿನ ಕ್ಯಾಮೆರಾ ಅದನ್ನು ಪರದೆಗೆ ತರುತ್ತದೆ. ಕಣ್ಣು ಜಿಗಿದರೆ ಸಮತೋಲನ ಇದೆ ಎಂದು ಲೆಕ್ಕ. ಜಿಗಿಯದಿದ್ದರೆ ಡಾಕ್ಟರು ಕಿವಿಗೆ ಕೈ ಹಾಕುವ ಮುಂಚೆ ನೂರು ಸಲ ಯೋಚಿಸಬೇಕು.

ಆದರೆ ಸುಮ್ಮನೆ ಮಲಗಿದವರ ಕಣ್ಣು ಮಹಾ ಸೋಮಾರಿ. ಮನಸ್ಸು ಎಚ್ಚರವಾಗಿ ದುಡಿಯುತ್ತಿದ್ದರೆ ಮಾತ್ರ ಅದು ಸರಿಯಾಗಿ ಜಿಗಿಯುತ್ತದೆ. ಅದಕ್ಕೇ ನೀರಕ್ಕ ರೋಗಿಗಳನ್ನು ಮಾತಾಡಿಸುತ್ತಲೇ ಇರುತ್ತಾಳೆ. ತರಕಾರಿ ಹೆಸರು ಹೇಳಿ, ನೂರರಿಂದ ಹಿಂದಕ್ಕೆ ಎಣಿಸಿ ಅನ್ನುತ್ತಾಳೆ. ಸೊಸೆಯ ಒಳ್ಳೆಯ ಗುಣ ಹೇಳಿ ಅಂದರೆ ಅತ್ತೆಯರು ಮೂರಕ್ಕೇ ನಿಲ್ಲುತ್ತಿದ್ದರು. ಕೆಟ್ಟ ಗುಣ ಅಂದರೆ ತಲೆಸುತ್ತು ಇಳಿದರೂ ಬಾಯಿ ನಿಲ್ಲುತ್ತಿರಲಿಲ್ಲ.

ಊರನ್ನೆಲ್ಲ ಮಾತಾಡಿಸುವವಳ ಮನೆಯಲ್ಲಿ ಮಾತಿಗೇ ಬರ. ಗಂಡ ಮನೆಗಳಿಗೆ ಬಣ್ಣ ಹೊಡೆಯುವವನು, ಮೊದಲಿನಿಂದಲೂ ಮಿತಭಾಷಿ. ಹತ್ತು ವರ್ಷದಿಂದ ನಡುಗಿವಿಯ ಸಣ್ಣ ಮೂಳೆ ಬಿಗಿದುಕೊಂಡು ಎರಡೂ ಕಿವಿ ಮಂದವಾದ ಮೇಲಂತೂ ಇದ್ದ ನಾಲ್ಕು ಮಾತೂ ಎರಡಾದವು. ಕಿವಿಗೆ ಮೆಷಿನ್ ಹಾಕಿಕೊಂಡರೂ ಬರೀ ಗದ್ದಲವಷ್ಟೇ ಕೇಳಿ, ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಿದ್ದ. ಬೆನ್ನು ತಿರುಗಿಸಿ ನಿಂತಿದ್ದರೆ ಅವಳು ಭುಜ ತಟ್ಟಬೇಕು. "ಕಲ್ಲನ್ನಾದ್ರೂ ಮಾತಾಡಿಸಬಹುದು, ನಮ್ಮನೆಯವರನ್ನಲ್ಲ" ಎಂದು ಆಸ್ಪತ್ರೆಯಲ್ಲಿ ಎಲ್ಲರೆದುರಿಗೂ ಆಡಿಕೊಂಡು ನಗುತ್ತಿದ್ದಳು. ನಗುವಿನ ಹಿಂದೆ ಸಂಕಟವೂ ಇತ್ತು. ಅಡುಗೆಮನೆಯಿಂದ ಕೂಗಿ ಕರೆದರೆ "ಏನೇ" ಅನ್ನುವ ಒಂದು ದನಿ ಬಂದೀತೇ ಎಂದು ಕಾದು ಕಾದು ಅವಳು ಕರೆಯುವುದನ್ನೇ ಬಿಟ್ಟಿದ್ದಳು.

ಕೊನೆಗೆ ಬಲಗಿವಿಯ ಆಪರೇಷನ್ನಿಗೆ ಅವನು ಒಪ್ಪಿದ. ಸ್ವಂತದವರನ್ನು ತಾನೇ ಪರೀಕ್ಷೆ ಮಾಡಬಾರದು ಎಂಬುದು ಆ ವಿಭಾಗದ ಕಟ್ಟುನಿಟ್ಟು. ಹಾಗಾಗಿ ಜೊತೆ ಕೆಲಸದವಳು ನೀರು ಬಿಟ್ಟಳು, ನೀರಕ್ಕ ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಳು.

ಮಧ್ಯಾಹ್ನ ಡಾಕ್ಟರಮ್ಮ ಕರೆದು ಕೂರಿಸಿದರು. "ಎರಡೂ ಕಡೆ ಸಮತೋಲನ ಹೆಚ್ಚುಕಡಿಮೆ ಸೊನ್ನೆ ಕಣಮ್ಮ. ಆಪರೇಷನ್ ಮಾಡುವಾಗ ಇರೋ ಚೂರುಪಾರೂ ಹೋದ್ರೆ ನಿಮ್ಮನೆಯವರು ಕತ್ತಲಲ್ಲಿ ಬಚ್ಚಲಿಗೂ ನಡೆಯೋಕಾಗಲ್ಲ. ಏಣಿ ಹತ್ತೋ ಮನುಷ್ಯ ಬೇರೆ. ನಾನಂತೂ ಕೈ ಹಾಕಲ್ಲ."

ನೀರಕ್ಕ ಎದ್ದು ಹೊರಗೆ ಬಂದಳು. ಇನ್ನು ಈ ಜನ್ಮಕ್ಕೆ ಅವನಿಗೆ ತನ್ನ ದನಿ ಕೇಳುವುದಿಲ್ಲ. ಕಾರಿಡಾರಿನಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಳ್ಳುವಾಗ, ಎದುರಿನ ಕಿಟಕಿಯಾಚೆ ಕಟ್ಟುತ್ತಿದ್ದ ಕಟ್ಟಡವೊಂದರ ಸಾರುವೆ ಕಂಡಿತು. ಮೊನ್ನೆ ತಾನೇ ಗಂಡ ಅಂಥದೇ ಸಾರುವೆಯ ಮೂರನೇ ಮಹಡಿಯೆತ್ತರದ ಹಲಗೆಯ ಮೇಲೆ ಬಕೆಟ್ ಹಿಡಿದು ನಡೆದದ್ದನ್ನು ಅವಳೇ ನೋಡಿದ್ದಳು. ಸೊನ್ನೆ ಹೇಗಾದೀತು?

ಸೀದಾ ಹೋಗಿ ಜೊತೆಯವಳನ್ನು ಕೇಳಿದಳು. "ನೀರು ಬಿಟ್ಟ ಮೇಲೆ ಮಾತಾಡಿಸಿದ್ಯಾ?"

"ತರಕಾರಿ ಹೆಸರು ಕೇಳ್ದೆ ಅಕ್ಕ. ಬಾಯೇ ಬಿಡಲಿಲ್ಲ. ಕಲ್ಲನ್ನಾದ್ರೂ ಮಾತಾಡಿಸಬಹುದು ಅಂತ ನೀವೇ ಅಂತಿದ್ರಲ್ಲ, ಅದಕ್ಕೇ ಸುಮ್ನಾದೆ."

ನೀರಕ್ಕ ಹಣೆ ಚಚ್ಚಿಕೊಂಡಳು. ಕಿವಿಯ ಮೆಷಿನ್ ತೆಗೆದಿಟ್ಟು, ಕಪ್ಪು ಕನ್ನಡಕ ಕಟ್ಟಿ ಮಲಗಿಸಿದರೆ ಅವನು ಯಾರ ತುಟಿ ನೋಡಬೇಕಿತ್ತು? ಪ್ರಶ್ನೆ ಕೇಳಿಸಿದ್ದರೆ ತಾನೇ ಉತ್ತರ! ಪಾಪ, ಕತ್ತಲಲ್ಲಿ ಮನಸ್ಸು ಮಂಪರಾಗಿ ಬಿದ್ದುಕೊಂಡಿದ್ದಾನೆ, ಕಣ್ಣೂ ಅಷ್ಟೇ. ತಾನು ನಗೆಯಾಡಿದ್ದೇ ತನ್ನ ಕೊರಳಿಗೆ ಸುತ್ತಿಕೊಂಡಿತ್ತು.

ಡಾಕ್ಟರಮ್ಮ ಮತ್ತೊಂದು ಸಲ ನೋಡಲು ಒಪ್ಪಿದರು. "ನೀರು ಅವಳೇ ಬಿಡಲಿ. ನೀನು ಕೈ ಹಿಡ್ಕೊಂಡು ಕೂತ್ಕೋ, ಪರೀಕ್ಷೆಯ ಮೆಷಿನ್ ಮುಟ್ಟಬೇಡ."

ಮಾರನೆಯ ದಿನ ಕನ್ನಡಕ ಕಟ್ಟುವ ಮುಂಚೆ ನೀರಕ್ಕ ಗಂಡನ ಮುಖದೆದುರು ಬಗ್ಗಿ ಬಿಡಿಸಿ ಬಿಡಿಸಿ ಹೇಳಿದಳು. "ರೀ, ನಾನು ಅಂಗೈ ತಟ್ಟಿದಾಗಲೆಲ್ಲ ನೀವು ಬಣ್ಣ ಹೊಡೆದ ಒಂದೊಂದು ಮನೆ ಹೇಳಬೇಕು. ನಿಲ್ಲಿಸಬಾರದು."

"ಎಲ್ಲಾನೂ?"

"ಎಲ್ಲಾನೂ. ಈಗಿನಿಂದ ಹಿಂದಕ್ಕೆ."

ಬಲಗಿವಿಗೆ ನೀರು ಬಿದ್ದು ಮುಗಿಯಿತು. ಅವಳು ತಟ್ಟಿದಳು.

"ಪೋಸ್ಟ್‌ಮಾಸ್ಟರ್ ಮನೆ, ಕೆನೆ ಬಣ್ಣ." ತಟ್ಟಿದಳು. "ಅಯ್ಯೋ, ಮಂಚ ತಿರುಗ್ತಿದೆ ಕಣೇ... ಟೈಲರ್ ಅಣ್ಣತಮ್ಮಂದಿರ ಮನೆ. ನಡುವೆ ಗೋಡೆ, ಆ ಕಡೆ ನೀಲಿ, ಈ ಕಡೆ ಹಳದಿ." ಪರದೆಯ ಮೇಲೆ ಕಣ್ಣು ಒಮ್ಮೆ ಜಿಗಿಯಿತು, ಮತ್ತೆ ಜಿಗಿಯಿತು, ಆಮೇಲೆ ಬಿಡದೆ ಜಿಗಿಯತೊಡಗಿತು. ಜೊತೆಯವಳು ಬಾಯಿ ಮೇಲೆ ಕೈಯಿಟ್ಟುಕೊಂಡಳು. ನೀರಕ್ಕ ತಟ್ಟುತ್ತಲೇ ಇದ್ದಳು. ವರ್ಷಗಳನ್ನು ಹಾರಿ ಹಾರಿ ಶಾಲೆ ಬಂತು, ಔಷಧಿ ಅಂಗಡಿ ಬಂತು, ಸುಣ್ಣ ಮಾತ್ರ ಹೊಡೆಸಿಕೊಂಡ ಜಿಪುಣನ ಮನೆ ಬಂತು. ಅವನು ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದನ್ನು ಅವಳು ಮದುವೆಯಾದ ಮೇಲೆ ಕೇಳಿರಲಿಲ್ಲ.

ತಟ್ಟಿದಳು.

"ನಿಮ್ಮಪ್ಪನ ಮನೆ. ಕಿಟಕಿಗೆ ಹಸಿರು. ಎರಡು ದಿನದ ಕೆಲಸ ಅದು. ಕಿಟಕಿ ಒಳಗೆ ನೀನು ಕೂತು ಓದ್ತಿದ್ದೆ, ಗಟ್ಟಿಯಾಗಿ. ನಿನ್ನ ದನಿ ಕೇಳ್ತಾ ಒಂದು ವಾರ ಮಾಡ್ದೆ. ಆ ಕಿಟಕಿಗೆ ನಾಲ್ಕು ಕೋಟು ಹೊಡೆದಿದೀನಿ ಕಣೇ, ನಿಮ್ಮಪ್ಪನಿಗೆ ಹೇಳಬೇಡ."

ಅಪ್ಪ ಹೋಗಿ ಹನ್ನೆರಡು ವರ್ಷವಾಗಿತ್ತು. ನೀರಕ್ಕನ ಕಣ್ಣು ಮಂಜಾಗಿ ಪರದೆ ಕಾಣಲಿಲ್ಲ.

"ಸಾಕು ಅಕ್ಕ, ಎರಡು ನಿಮಿಷ ಆಯ್ತು," ಎಂದಳು ಜೊತೆಯವಳು. "ಬಲಗಡೆ ಗಟ್ಟಿಯಾಗಿದೆ. ಎಡಗಡೇನೂ ಹೀಗೇ ಬಂದ್ರೆ ಡಾಕ್ಟರಮ್ಮ ಬೇಡ ಅನ್ನಲ್ಲ."

ಎರಡು ನಿಮಿಷಕ್ಕಿಂತ ಒಂದು ಗಳಿಗೆ ಹೆಚ್ಚು ಯಾರನ್ನೂ ಆ ತಲೆಸುತ್ತಿನಲ್ಲಿ ಮಲಗಿಸಿಟ್ಟವಳಲ್ಲ ನೀರಕ್ಕ. ಅವತ್ತು ಮಾತ್ರ, ಬಣ್ಣದ ಕಲೆ ಹಿಡಿದ ಆ ಅಂಗೈಯನ್ನು ಇನ್ನೊಂದು ಸಲ ತಟ್ಟಿದಳು.

"ಅದರ ಹಿಂದೆ ಯಾವ ಮನೇನೂ ನೆನಪಿಲ್ಲ ಕಣೇ," ಅಂದ ಅವನು.