ಇನ್ವರ್ಟರ್ ಕೂರಿಸಿದ ಸಂಜೆ

ದೆವ್ವದ ಮಾತು ಬಂದರೆ ನಗುತ್ತಿದ್ದವಳು ನಾನು. ತುರುವೇಕೆರೆಯ ನಮ್ಮ ಮನೆ ಜಗಲಿಯಲ್ಲಿ ಹೆಂಗಸರು ಮೋಹಿನಿ ಕಥೆ ಶುರು ಮಾಡಿದರೆ, ‘ಅವಳಿಗೆ ಬೇರೆ ಕೆಲಸವಿರಲಿಲ್ಲವಾ?’ ಎಂದು ಕೇಳಿ ಬೈಸಿಕೊಂಡದ್ದುಂಟು. ಈಗ ಬರೆಯುತ್ತಿರುವುದನ್ನು ನೀವು ನಂಬಲೇಬೇಕೆಂದು ನನ್ನ ಒತ್ತಾಯವೇನಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ಎಂಬತ್ತರ ದಶಕದ ಮಾತು. ನನ್ನ ಯಜಮಾನರು ಅದಿರು ಹುಡುಕುವ ಸರ್ವೆ ಕೆಲಸದಲ್ಲಿದ್ದರು. ಸದಾ ತಿರುಗಾಟವಾದ್ದರಿಂದ, ಜೀಪಿನ ಹಿಂದೆ ಕಟ್ಟಿ ಎಳೆಯುವ ಒಂದು ಟ್ರೈಲರ್ ಕೊಟ್ಟಿದ್ದರು. ಎರಡು ಮಂಚ, ಸೀಮೆಎಣ್ಣೆ ಸ್ಟೌವ್, ಒಂದು ಕಿಟಕಿ, ಒಂದೇ ಬಾಗಿಲು. ಮದುವೆಯಾದ ಹೊಸತು, ನನಗೆ ಆ ಗಾಲಿ ಮನೆ ಇಷ್ಟವೇ ಆಗಿತ್ತು. ಆ ವರ್ಷ ಚಿಕ್ಕನಾಯಕನಹಳ್ಳಿ ದಾಟಿ ಹುಳಿಯಾರಿನ ಕಡೆಗೆ, ತೆಂಗಿನ ತೋಟಗಳು ಮುಗಿದು ಕುರಿ ಮೇಯುವ ಬಯಲು ಶುರುವಾಗುವಲ್ಲಿ ನಿಂತಿದ್ದೆವು. ಹತ್ತಿರದಲ್ಲಿ ಕರೆಂಟ್ ಕಂಬವೇ ಇಲ್ಲ. ಲಾಟೀನು ಬೆಳಕಲ್ಲಿ ನಕ್ಷೆ ಬರೆದೂ ಬರೆದೂ ಕಣ್ಣು ಉರಿಯುತ್ತದೆಂದು ಅವರು ಬೆಂಗಳೂರಿನಿಂದ ಒಂದು ಇನ್ವರ್ಟರ್ ತಂದರು. ಆಗ ಅದು ಅಪರೂಪದ ವಸ್ತು. ತಿಪಟೂರಿನಲ್ಲಿ ಎರಡು ಲಾರಿ ಬ್ಯಾಟರಿ, ವೈರು, ಬೋಲ್ಟು ಕೊಂಡು ತಾವೇ ಕೂರಿಸಲು ನಿಂತರು.

ಮಂಚದ ಕೆಳಗಿನ ಪೆಟ್ಟಿಗೆಯಂಥ ಖಾನೆಯಲ್ಲಿ ಅದೆಲ್ಲ ಕೂರಬೇಕು. ಅವರು ಬೋರಲು ಮಲಗಿ, ತಲೆ, ಭುಜ ಒಳಗೆ ತೂರಿಸಿ, ಟಾರ್ಚ್ ಬೆಳಕಲ್ಲಿ ಕೆಲಸ ಮಾಡುತ್ತಿದ್ದರು. ಹಿಂದಕ್ಕೆ ಕೈ ಚಾಚಿ ಸ್ಪ್ಯಾನರ್ ಎಂದರೆ ನಾನು ಸ್ಪ್ಯಾನರ್ ಕೊಡುತ್ತಿದ್ದೆ. ಹೊತ್ತು ಮುಳುಗುವಾಗ ಟ್ಯೂಬ್‌ಲೈಟ್ ಹತ್ತಿತು. ಇಬ್ಬರಿಗೂ ಹಿಗ್ಗೋ ಹಿಗ್ಗು.

“ಫ್ಯಾನ್ ವೈರೊಂದು ಬಾಕಿ. ಬೋಲ್ಟ್ ಬಿಗಿ ಮಾಡಿ, ವೈರ್ ಮುಟ್ಟೋಕೆ ಮುಂಚೆ ಕೇಳ್ತೀನಿ. ಆಗ ಬಾಗಿಲ ಹತ್ರದ ಮೇನ್ ಸ್ವಿಚ್ ಆರಿಸು” ಎಂದು ಮತ್ತೆ ಒಳಗೆ ತೂರಿದರು.

ಅಷ್ಟರಲ್ಲಿ ಹತ್ತಿರದ ಹಟ್ಟಿಯಿಂದ ದಿನಾ ಹಾಲು ತರುತ್ತಿದ್ದ ಮುದುಕಿ ಕೆಂಪವ್ವ ಹೊರಗಿನಿಂದ ಕೂಗಿದಳು. “ಹಾಲು ಬಂತು ರೀ, ಬಂದೆ” ಎಂದು ಹೇಳಿ ಪಾತ್ರೆ ಹಿಡಿದು ಇಳಿದೆ. ಅವರಿಗೆ ಕೇಳಿಸಲಿಲ್ಲವೆಂದು ಕಾಣುತ್ತದೆ.

ಕೆಂಪವ್ವ ಹಾಲು ಹುಯ್ಯಲಿಲ್ಲ. ಬೆಳಕಾಗಿದ್ದ ಕಿಟಕಿಯನ್ನೇ ನೋಡುತ್ತಾ ನಿಂತಳು.

“ನೆಂಟ್ರು ಬಂದವ್ರಾ ಅಮ್ಮಾರೆ?”

“ಇಲ್ಲ ಕಣವ್ವ, ನಾವಿಬ್ಬರೇ.”

“ಮತ್ತೆ ಒಳಗೆ ಬಗ್ಗಿ ಯಜಮಾನ್ರಿಗೆ ಸಾಮಾನು ಕೊಡ್ತಾವ್ಳಲ್ಲ, ಅವ್ಳ್ಯಾರು?”

ತಿರುಗಿ ನೋಡಿದೆ. ಕಿಟಕಿಯಲ್ಲಿ ಎದುರುಗೋಡೆ, ಅದರ ಮೇಲೆ ಬಿಳಿ ಬೆಳಕು, ಅಷ್ಟೇ. ಮುದುಕಿಯ ಕಣ್ಣಿಗೆ ಪೊರೆ ಬಂದಿರಬೇಕು ಅಂದುಕೊಂಡೆ. ಅದೇ ಹೊತ್ತಿಗೆ ಒಳಗಿನಿಂದ ಯಜಮಾನರ ದನಿ ಕೇಳಿತು: “ಆರಿಸಿದ್ಯಾ?”

ಇಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲೇ ಅವರು, ಯಾರೋ ಉತ್ತರ ಕೊಟ್ಟ ಹಾಗೆ, “ಸರಿ, ಮುಟ್ತೀನಿ” ಎಂದರು.

ಲೈಟು ಉರಿಯುತ್ತಲೇ ಇತ್ತು.

ಪಾತ್ರೆ ಎಲ್ಲಿ ಬಿತ್ತೋ ಗೊತ್ತಿಲ್ಲ. “ಮುಟ್ಟಬೇಡಿ!” ಎಂದು ಕಿರುಚುತ್ತಾ ಹತ್ತಿ ಹೋಗಿ ಸ್ವಿಚ್ ಮೇಲೆ ಕೈ ಬಡಿದೆ. ಕತ್ತಲಾಯಿತು. ಅವರು ಟಾರ್ಚ್ ಹಿಡಿದು ಈಚೆ ಬಂದರು.

“ಯಾಕೆ ಹಿಂಗೆ ಕಿರುಚ್ತೀಯ? ಆರಿಸಿದೀನಿ ಅಂದೆಯಲ್ಲ?”

“ನಾನು ಹೊರಗಿದ್ದೆ ಕಣ್ರೀ.”

ಅವರು ತಮ್ಮ ಬಲಗೈ ನೋಡಿಕೊಂಡರು. “ಹಾಗಾದ್ರೆ ಈ ಪ್ಲೈಯರ್ ಯಾರು ಕೊಟ್ಟಿದ್ದು?”

ಆ ಇಕ್ಕಳವನ್ನು ನಾನು ಸ್ಟೌವ್ ಮೇಲಿನ ಹಲಗೆಯಲ್ಲಿಟ್ಟಿದ್ದೆ. ಮಲಗಿದ್ದವರ ಕೈಗೆ ಅದು ಎಟುಕುವಂತಿರಲಿಲ್ಲ. ಮಂಚದ ಕೆಳಗೆ, ಟ್ರೈಲರಿನ ಸುತ್ತ ಟಾರ್ಚ್ ಬಿಟ್ಟು ಹುಡುಕಿದೆವು. ಇದ್ದ ಒಂದೇ ಬಾಗಿಲಿನ ಮುಂದೆಯೇ ನಾನು ಹಾಲಿಗೆ ನಿಂತಿದ್ದೆ, ಯಾರೂ ಹೊರಗೆ ಬಂದಿರಲಿಲ್ಲ. ಕೆಂಪವ್ವ ಹಾಲಿನ ಚೊಂಬು ಅಲ್ಲೇ ಬಿಟ್ಟು ಹೊರಟುಹೋಗಿದ್ದಳು. ಆ ರಾತ್ರಿ ಇಬ್ಬರೂ ಜೀಪಿನಲ್ಲೇ ಕೂತಿದ್ದೆವು. ಟ್ರೈಲರ್ ಕಡೆ ಅವರೂ ನೋಡಲಿಲ್ಲ, ನಾನೂ ನೋಡಲಿಲ್ಲ.

ಬೆಳಗ್ಗೆ ಟ್ರೈಲರನ್ನು ಜೀಪಿಗೆ ಕಟ್ಟುವಾಗ ಕೆಂಪವ್ವ ಬಂದಳು. ಆದರೆ ಹತ್ತಿರ ಬರಲಿಲ್ಲ. ದೂರದಿಂದಲೇ, “ನೀವೇನೋ ಹೊಂಟ್ರಿ. ಅದೂ ಹತ್ಕಂತೋ ಏನೋ, ನೋಡ್ಕಳಿ ಅಮ್ಮಾರೆ” ಎಂದಳು.

ಬೇರೆ ದಾರಿಯಿಲ್ಲದೆ ಆಮೇಲೂ ಅದೇ ಟ್ರೈಲರಿನಲ್ಲಿ ಬಾಳಿದೆವು. ಹೇಳಿಕೊಳ್ಳುವಂಥದ್ದು ಮತ್ತೇನೂ ನಡೆಯಲಿಲ್ಲ. ಕೆಲಸದ ಗುಂಗಿನಲ್ಲಿ ಅವರೇ ಎದ್ದು ಪ್ಲೈಯರ್ ತೆಗೆದುಕೊಂಡು ಮರೆತಿರಬಹುದು, ಮುದುಕಿ ಏನೋ ಕಂಡು ಏನೋ ಅಂದಿರಬಹುದು ಎಂದು ಎಷ್ಟೋ ಸಲ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಆದರೆ ಅವರು ಒಪ್ಪುವುದಿಲ್ಲ. ಕಿವಿಯ ಹತ್ತಿರವೇ, “ಆರಿಸಿದೀನಿ ಕಣ್ರೀ, ಮುಟ್ಟಿ” ಎಂದದ್ದು ಸ್ಪಷ್ಟವಾಗಿ ಕೇಳಿತು ಎನ್ನುತ್ತಾರೆ. ದನಿ ಯಾರದೆಂದರೆ, ನಿನ್ನದೇ ಎನ್ನುತ್ತಾರೆ.

ಅವರು ಸುಳ್ಳು ಹೇಳುವವರಲ್ಲ. ಹೆಂಡತಿಯ ದನಿ ಗುರುತಿಸಲಾರದವರೂ ಅಲ್ಲ. ನಾನು ಆಗ ಹೊರಗಿದ್ದೆ ಎಂಬುದನ್ನು ಅವರು ಮನಸಾರೆ ನಂಬಿದ್ದಾರೋ ಇಲ್ಲವೋ, ಅದನ್ನು ಕೇಳುವ ಧೈರ್ಯ ನನಗೆ ಇವತ್ತಿನವರೆಗೂ ಬಂದಿಲ್ಲ.