ಹಗೇವಿನ ಇಲಿಗಳ ಗಡಿಯಾರ

ಕಳೆದ ತಿಂಗಳು ನಮ್ಮ ಊರಿನ ರೋಜಾ ಬಡಾವಣೆಯ ಕಿರಾಣಿ ಅಂಗಡಿಯವನು ಜೋಳದ ಚೀಲವೊಂದರ ಬಾಯಿ ಬಿಚ್ಚಿದಾಗ ಗಪ್ಪನೆ ಮುಗ್ಗು ವಾಸನೆ ಬಂತು. ಅವನು ನಾಚಿಕೊಂಡು ಚೀಲವನ್ನು ಪಕ್ಕಕ್ಕೆ ಸರಿಸಿದ. ನಾನು ಮಾತ್ರ ಬಗ್ಗಿ ಇನ್ನೊಮ್ಮೆ ಮೂಸಿದೆ. ಈ ಮುದುಕಿಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು ಪಾಪ. ಅದು ಹಗೇವಿನ ವಾಸನೆ. ನೆಲದಲ್ಲಿ ಆಳವಾಗಿ ತೋಡಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿಡುತ್ತಿದ್ದ ಆ ಹಗೇವುಗಳು ಈಗ ಎಲ್ಲಿವೆಯೋ... ನನಗಂತೂ ಆ ವಾಸನೆ ಬಂದರೆ ಜೋಳ ನೆನಪಾಗುವುದಿಲ್ಲ. ಇಲಿಗಳು ನೆನಪಾಗುತ್ತವೆ, ಜೊತೆಗೆ ನಮ್ಮ ಅಕ್ಕೋರು.

ಎಂಬತ್ತರ ದಶಕದ ಮಾತು. ನಾನಾಗ ಕಲಬುರಗಿಯ ಒಂದು ಹೈಸ್ಕೂಲಿನಲ್ಲಿ ಹೊಸದಾಗಿ ಪಾಠ ಹೇಳುತ್ತಿದ್ದೆ. ಅಕ್ಕೋರು ನಮ್ಮ ಪಕ್ಕದ ಮನೆಯ ಮಾಳಿಗೆಯಲ್ಲಿ ಬಾಡಿಗೆಗಿದ್ದರು. ಮೆಡಿಕಲ್ ಕಾಲೇಜಿನಲ್ಲಿ ಕಲಿಸುತ್ತ, ಮೆದುಳಿನ ಮೇಲೆ ಸಂಶೋಧನೆ ಮಾಡುತ್ತಿದ್ದರು. ನಮ್ಮ ಕಡೆ ಕಲಿಸುವ ಹೆಂಗಸರೆಲ್ಲ ಅಕ್ಕೋರೇ. ಆದರೆ ಓಣಿಯಲ್ಲಿ ಅಕ್ಕೋರು ಎಂದರೆ ಅವರೊಬ್ಬರೇ. ನಾನೂ ಒಬ್ಬಳು ಅಕ್ಕೋರು ಇದ್ದೇನೆಂದು ಯಾರಿಗೂ ಹೊಳೆಯುತ್ತಿರಲಿಲ್ಲ.

ಕಣ್ಣುಗಳ ಹಿಂದೆ, ಮೆದುಳಿನ ತಳದಲ್ಲಿ, ಜೋಳದ ಕಾಳಿಗಿಂತ ಸಣ್ಣದೊಂದು ಗಡಿಯಾರವಿದೆ ಎಂದು ಅವರು ಹೇಳಿದಾಗ ನಾನು ನಕ್ಕುಬಿಟ್ಟಿದ್ದೆ. ನಿದ್ದೆ, ಹಸಿವು, ಮೈಯ ಬಿಸಿ ಎಲ್ಲವೂ ಅದು ಹೇಳಿದಂತೆ ನಡೆಯುತ್ತವಂತೆ.

“ಕತ್ತಲದಾಗ ಇಟ್ರೂ ಅದು ನಿಂದ್ರಂಗಿಲ್ಲವಾ. ತನ್ನ ಪಾಡಿಗಿ ತಾ ನಡೀತದ. ಅದನ್ನ ತೋರಿಸಬೇಕಾಗ್ಯದ ನನಗ,” ಎನ್ನುತ್ತಿದ್ದರು.

ಅದಕ್ಕೆ ವಾರಗಟ್ಟಲೆ ಒಂದಿಷ್ಟೂ ಬೆಳಕು ಬೀಳದ ಕೋಣೆ ಬೇಕಿತ್ತು. ದೊಡ್ಡ ಊರುಗಳಲ್ಲಿ ಯಂತ್ರದಿಂದ ತಂಪಾಗಿಟ್ಟ ಕತ್ತಲೆ ಕೋಣೆಗಳಿದ್ದವು. ನಮ್ಮ ಬೇಸಿಗೆಯಲ್ಲಿ ಕಿಟಕಿ ಬಾಗಿಲು ಮುಚ್ಚಿ ಕೂತರೆ ಇಲಿಗಳ ಜೊತೆ ಅಕ್ಕೋರೂ ಬೆಂದುಹೋಗುತ್ತಿದ್ದರು. ಅವರಿಗೆ ಮಾರ್ಗದರ್ಶಕರಾಗಿದ್ದ ಪ್ರೊಫೆಸರು, “ಈ ಊರಾಗ ಇದು ಆಗೂ ಮಾತಲ್ಲ, ಬ್ಯಾರೆ ವಿಷಯ ತಗೋರಿ,” ಎಂದು ಕೈ ಝಾಡಿಸಿದರು.

ಅಕ್ಕೋರು ಬೇರೆ ವಿಷಯ ತೆಗೆದುಕೊಳ್ಳಲಿಲ್ಲ, ಬಸ್ಸು ಹತ್ತಿ ತಮ್ಮೂರು ಕಮಲಾಪುರಕ್ಕೆ ಹೋದರು. ಅಲ್ಲಿ ಅವರ ಮನೆಯ ಅಂಗಳದಲ್ಲಿ ಬರಿದಾದ ಹಗೇವೊಂದಿತ್ತು. ಬೇಸಿಗೆಯಲ್ಲೂ ತಂಪು, ನಡುಹಗಲಲ್ಲೂ ಕತ್ತಲು! ಗಾಳಿಗೆಂದು, ಬೆಳಕು ನುಸುಳದಂತೆ ಬಾಗಿದ ಕೊಳವೆಗಳನ್ನು ಇಳಿಸಿ, ಬ್ಯಾಟರಿಯ ಪಂಖ ಕೂಡಿಸಿದರು. ಹೊಲದ ಇಲಿಗಳನ್ನು ಹಿಡಿಸಿ, ಓಡಲು ಚಕ್ರವಿದ್ದ ಪಂಜರಗಳಲ್ಲಿ ಹಾಕಿ ಒಳಗಿಟ್ಟರು. ಇಲಿ ಎಚ್ಚರವಾಗಿ ಚಕ್ರ ತಿರುಗಿಸಿದಾಗಲೆಲ್ಲ ಮನೆಯೊಳಗೆ ತಂತಿಯಿಂದ ಕೂಡಿಸಿದ್ದ ಒಂದು ಮುಳ್ಳು ಕಾಗದದ ಮೇಲೆ ಗೆರೆ ಎಳೆಯುತ್ತಿತ್ತು. ಭಾನುವಾರ ಕಮಲಾಪುರದ ಮೇಲೆ ಹಾಯುವ ಹುಮನಾಬಾದ್ ಬಸ್ಸಿನಲ್ಲಿ ಹೋಗಿ, ಹಗೇವಿನ ಬಾಯಿಗೆ ದಪ್ಪ ಕಂಬಳಿ ಮರೆಮಾಡಿ, ಕತ್ತಲಲ್ಲೇ ಕೈಯಾಡಿಸುತ್ತ ಕೆಳಗಿಳಿದು, ಇಲಿಗಳಿಗೆ ಕಾಳು ನೀರು ಇಟ್ಟು, ಕಾಗದ ತರುವುದು ಅವರ ಕೆಲಸ. ನಾನೂ ಜೊತೆಗೆ ಹೋಗುತ್ತಿದ್ದೆ. ವಿಜ್ಞಾನದ ಸೇವೆಗೆಂದು ತಿಳಿಯಬೇಡಿ. ಅವರ ಅವ್ವ ಕೊಡುತ್ತಿದ್ದ ಕೆಂಪು ಬಾಳೆಹಣ್ಣಿನ ಆಸೆಗೆ.

ಇಲಿಯ ಒಳಗಿನ ದಿನ ಇಪ್ಪತ್ನಾಲ್ಕು ತಾಸಿಗಿಂತ ಚೂರು ಸಣ್ಣದಂತೆ. ಹಾಗಾಗಿ ಗಡಿಯಾರ ತನ್ನಷ್ಟಕ್ಕೆ ನಡೆಯುತ್ತಿದ್ದರೆ ಇಲಿ ದಿನವೂ ಸ್ವಲ್ಪ ಸ್ವಲ್ಪವೇ ಮುಂಚೆ ಏಳಬೇಕಿತ್ತು. ಏಳುತ್ತಲೂ ಇತ್ತು, ಆದರೆ ಭಾನುವಾರದವರೆಗೆ ಮಾತ್ರ! ಭಾನುವಾರ ಬಂತೆಂದರೆ ಲೆಕ್ಕವೆಲ್ಲ ತಪ್ಪುತ್ತಿತ್ತು. ಒಂದು ವಾರ ಹಿಂದಕ್ಕೆ, ಇನ್ನೊಂದು ವಾರ ಮುಂದಕ್ಕೆ, ಮತ್ತೊಂದು ವಾರ ಏನೂ ಇಲ್ಲ. ಪ್ರೊಫೆಸರು ಕಾಗದಗಳನ್ನು ನೋಡಿ ತಲೆಯಾಡಿಸಿದರು. ಕೆಲಸ ಪರೀಕ್ಷಿಸುವ ಸಮಿತಿ ಬರುವುದಿತ್ತು. ಅದರ ಮುಂದೆ ಈ ಸೊಟ್ಟ ಗೆರೆಗಳನ್ನಿಟ್ಟರೆ ಸಂಶೋಧನೆ ಅಲ್ಲಿಗೇ ಮುಗಿಯುತ್ತಿತ್ತು. ಅಷ್ಟು ವರ್ಷಗಳ ದುಡಿಮೆ ನೀರುಪಾಲು.

ತಾವು ಇಳಿಯುವುದರಿಂದಲೇ ಲೆಕ್ಕ ತಪ್ಪುತ್ತಿರಬೇಕೆಂದು ಅಕ್ಕೋರು ಒಂದು ಭಾನುವಾರ ಇಳಿಯಲೇ ಇಲ್ಲ. ಗೆರೆ ಆಗಲೂ ತಪ್ಪಿತು. ಆ ವಾರ ಅವರು ಸರಿಯಾಗಿ ಊಟ ಮಾಡಿದ್ದನ್ನು ನಾನು ಕಾಣೆ...

ಮುಂದಿನ ವಾರ ನಾವು ಶನಿವಾರವೇ ಹೇಳದೆ ಕೇಳದೆ ಹೋಗಿ ಉಳಿದೆವು. ಭಾನುವಾರ ಬೆಳಗಾಗುತ್ತಲೇ ಅಂಗಳದಲ್ಲಿ ಕಲ್ಲು ಸರಿದ ಸದ್ದಾಯಿತು. ಹೊರಗೆ ಬಂದು ನೋಡಿದರೆ ಅವ್ವ ಹಗ್ಗಕ್ಕೆ ಕಟ್ಟಿದ ಕಂದೀಲನ್ನು ಹಗೇವಿನೊಳಗೆ ಬಿಡುತ್ತಿದ್ದಾರೆ! ಹಗೇವಿನಲ್ಲಿ ಕೆಟ್ಟ ಗಾಳಿ ಕೂತಿರುತ್ತದೆ. ದೀಪ ಆರಿದರೆ ಮನುಷ್ಯ ಇಳಿಯಬಾರದು. ಇದು ನಮ್ಮ ಸೀಮೆಯಲ್ಲಿ ಎಲ್ಲರೂ ಮಾಡುವ ಪರೀಕ್ಷೆ.

“ಯವ್ವಾ! ಒಳಗ ಬೆಳಕ ಬೀಳಬಾರದು ಅಂತ ಎಷ್ಟ ಸಲ ಹೇಳೀನಿ ನಿನಗ?”

ಅವ್ವ ಹಗ್ಗ ಬಿಡಲಿಲ್ಲ. “ನಿಮ್ಮ ಕಾಕಾ ದೀಪ ಬಿಡಲಾರದ ಇಳಿದು ಮ್ಯಾಲ ಬರಲಿಲ್ಲವಾ. ನಿನಗ ಕತ್ತಲಿ ಬೇಕು. ನನಗ ನೀ ಬೇಕು.”

ಮಗಳು ಬೈಯದಿರಲೆಂದು ಪ್ರತಿ ಭಾನುವಾರ ಬಸ್ಸು ಬರುವ ಮುಂಚೆಯೇ ಅವ್ವ ಈ ಕೆಲಸ ಮುಗಿಸಿಡುತ್ತಿದ್ದರಂತೆ. ಅಕ್ಕೋರು ಹಗೇವಿನ ದಂಡೆಯಲ್ಲಿ ಕುಸಿದು ಕೂತರು. ಇನ್ನು ಅಳುತ್ತಾರೆ ಎಂದುಕೊಂಡೆ. ಅವರು ಇದ್ದಕ್ಕಿದ್ದಂತೆ ಎದ್ದು ಒಳಗೆ ಓಡಿದರು. ಕಾಗದಗಳನ್ನೆಲ್ಲ ಪಡಸಾಲೆಯಲ್ಲಿ ಹರಡಿ, ಮೊಣಕಾಲೂರಿ ನೋಡುತ್ತ ಗಟ್ಟಿಯಾಗಿ ನಗತೊಡಗಿದರು. ಇಲಿಗಳ ತಪ್ಪೇನೂ ಇರಲಿಲ್ಲ. ದಿನವೂ ಮುಂಚೆ ಏಳುವ ಅವುಗಳಿಗೆ ಅವ್ವನ ಭಾನುವಾರದ ಬೆಳಗು ಒಂದೊಂದು ವಾರ ಒಂದೊಂದು ಹೊತ್ತಾಗಿರುತ್ತಿತ್ತು. ಅವುಗಳ ಮೈಯ ಲೆಕ್ಕದಲ್ಲಿ ಇರುಳು ಶುರುವಾಗಿದ್ದಾಗ ಕಂದೀಲು ಇಳಿದರೆ ಗಡಿಯಾರ ಹಿಂದೆ ಸರಿಯುತ್ತಿತ್ತು. ಇರುಳು ಮುಗಿಯುತ್ತಿದ್ದಾಗ ಇಳಿದರೆ ಮುಂದೆ ಓಡುತ್ತಿತ್ತು. ಹಗಲಿನ ಪಾಳಿಯಲ್ಲಿ ಇಳಿದರೆ ಕದಲುತ್ತಲೇ ಇರಲಿಲ್ಲ. ಗಡಿಯಾರ ಇದೆ ಎಂದಷ್ಟೇ ತೋರಿಸಲು ಹೊರಟವರಿಗೆ ಅದಕ್ಕೆ ಕೀಲಿ ಕೊಡುವುದು ಹೇಗೆಂದೂ ಗೊತ್ತಾಗಿತ್ತು!

“ಅವ್ವಾ, ಇನ್ನ ಮ್ಯಾಲ ನಾ ಹೇಳಿದ ಹೊತ್ತಿಗೇ ಕಂದೀಲ ಬಿಡಬೇಕು ನೋಡು,” ಎಂದರು. ಅಂದಿನಿಂದ ಅವ್ವನದು ಖಾಯಂ ನೌಕರಿ.

ಸಮಿತಿ ಕೂಡಿದ ದಿನ ನಾನೂ ಅವ್ವನೂ ಸಭೆಯ ಕೊನೆಯ ಸಾಲಿನಲ್ಲಿ ಕೂತಿದ್ದೆವು. ಹೊರಗಿನಿಂದ ಬಂದಿದ್ದ ಹಿರಿಯ ವಿಜ್ಞಾನಿ ಗೆರೆಗಳನ್ನು ಬಹಳ ಹೊತ್ತು ನೋಡಿ, ಈ ಬೆಳಕಿನ ವ್ಯವಸ್ಥೆ ಯಾವುದೆಂದು ಕೇಳಿದರು. ಅಕ್ಕೋರು ಮುಚ್ಚುಮರೆಯಿಲ್ಲದೆ ಎಲ್ಲವನ್ನೂ ಹೇಳಿ, ಕೊನೆಯ ಸಾಲಿನತ್ತ ಕೈ ತೋರಿಸಿ, “ನಮ್ಮವ್ವನ ಕಂದೀಲು ಸರ್,” ಎಂದರು. ಆ ಹಿರಿಯರು ಎದ್ದು ನಿಂತು ಅವ್ವನಿಗೆ ಕೈ ಮುಗಿದರು. ಸಭೆಯೆಲ್ಲ ಚಪ್ಪಾಳೆ. ಈ ಊರಲ್ಲಿ ಆಗುವುದಿಲ್ಲ ಎಂದಿದ್ದ ಪ್ರೊಫೆಸರು ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದರು, ಅದನ್ನೂ ಹೇಳಿಬಿಡುತ್ತೇನೆ. ವಾಪಸು ಹೋಗುವಾಗ ಅವ್ವ ಬಸ್ಸಿನ ಕಂಡಕ್ಟರನನ್ನೂ ಬಿಡಲಿಲ್ಲ: “ನನ್ನ ಮಗಳು ಗೆದ್ದಾಳಪ್ಪಾ!”

ಗೆದ್ದವರು ಸುಮ್ಮನೆ ಕೂರಲಿಲ್ಲ. ಒಂದು ಕಂದೀಲು ಇಲಿಯ ಮೆದುಳನ್ನು ಇಷ್ಟು ಅಲುಗಿಸುವುದಾದರೆ, ರಾತ್ರಿಯಿಡೀ ಟ್ಯೂಬ್‌ಲೈಟಿನ ಕೆಳಗೆ ಮಲಗುವ ರೋಗಿಗಳ ಗತಿಯೇನು ಎಂದು ತಮ್ಮ ಕಾಲೇಜಿನ ಆಸ್ಪತ್ರೆಯವರ ಬೆನ್ನು ಹತ್ತಿದರು. ಡಾಕ್ಟರರು ನಕ್ಕರು, ನರ್ಸುಗಳು ಗೊಣಗಿದರು. ಬಹಳ ಜಗಳವಾಡಿ ಕೊನೆಗೆ ವಾರ್ಡುಗಳ ದೊಡ್ಡ ದೀಪಗಳನ್ನು ರಾತ್ರಿ ಆರಿಸುವಂತೆ ಮಾಡಿಯೇ ಬಿಟ್ಟರು.

ಈಗ ಅವ್ವ ಇಲ್ಲ. ಅಕ್ಕೋರೂ ಹೋಗಿ ಬಹಳ ವರ್ಷಗಳಾದವು. ಆ ಮಾಳಿಗೆಯ ಕಡೆ ನೋಡಿದರೆ ಇಂದಿಗೂ ಸಂಕಟವಾಗುತ್ತದೆ...

ಮೊನ್ನೆ ನನ್ನ ತಮ್ಮನ ಆಪರೇಷನ್ನಿಗೆಂದು ಅದೇ ಆಸ್ಪತ್ರೆಯಲ್ಲಿದ್ದೆ. ಊಟವಾದ ಮೇಲೆ ಏನೋ ಹುಡುಕಲು ದೊಡ್ಡ ಲೈಟು ಹಾಕಿದೆ. ಎಳೆಯ ನರ್ಸೊಬ್ಬಳು ಓಡಿ ಬಂದಳು.

“ಆರಿಸ್ರೀ ಅಮ್ಮಾ. ರಾತ್ರಿ ಬೆಳಕ ಬಿದ್ರ ಪೇಶಂಟರ ನಿದ್ದಿ ಹಸಿವಿ ಎಲ್ಲಾ ಏರುಪೇರಾಗ್ತದ.”

“ಯಾರು ಹೇಳ್ಯಾರವಾ ಹಿಂಗ?”

“ಯಾರೋ ಏನೋ ರೀ. ನಾ ಬರೋಕಿಂತ ಮೊದಲಿಂದ ಹಿಂಗೇ ಅದ.”

ಹೇಳೋಣವೆಂದು ಬಾಯಿ ತೆರೆದೆ. ಉದ್ದ ಸಾಲಿನ ರೋಗಿಗಳೆಲ್ಲ ಆಗಲೇ ನಿದ್ದೆ ಹೋಗಿದ್ದರು. ಎದ್ದು ಲೈಟು ಆರಿಸಿದೆ.