ಎರಡು ಊರಿಗೂ ಒಂದೇ ಹೂ

ನಾನು ಹುಟ್ಟಿದ್ದು ಹೊಳೆನರಸೀಪುರ, ಬಂದು ಸೇರಿದ್ದು ಅರಕಲಗೂಡು. ಬಸ್ಸಿನಲ್ಲಿ ಕೂತರೆ ಒಂದು ನಿದ್ದೆ ತೆಗೆಯುವಷ್ಟರಲ್ಲಿ ಮುಗಿದುಹೋಗುವ ದಾರಿ. ಮದುವೆಯಾಗಿ ಬರುವಾಗ ಈ ಎರಡು ಊರಿನ ನಡುವೆ ಇಂಥ ಹಟ ಇದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಜಮೀನಿನ ಹಟ ಅಲ್ಲ, ನೀರಿನದೂ ಅಲ್ಲ. ಕಬಡ್ಡಿಯದು.

ನಮ್ಮ ಯಜಮಾನರು ಶುಂಠಿ, ಹೊಗೆಸೊಪ್ಪು ಬೆಳೆಯುವವರು. ಆದರೆ ಯಾರಾದರೂ ಏನು ಮಾಡಿಕೊಂಡಿದ್ದೀರಿ ಎಂದು ಕೇಳಿದರೆ ಅರಕಲಗೂಡು ತಂಡದ ಮ್ಯಾನೇಜರ್ ಎಂದೇ ಮೊದಲು ಹೇಳುವುದು. ಹುಡುಗರಿಗೆ ಬಾಳೆಹಣ್ಣು, ಮೊಟ್ಟೆ, ಮಂಡಿಗೆ ಕಟ್ಟುವ ಪಟ್ಟಿ ಇವೆಲ್ಲ ಅವರ ಜವಾಬ್ದಾರಿ. ಅಷ್ಟೂ ಜನರ ಕೆಂಪು ಬನಿಯನ್ನುಗಳನ್ನು ಒಗೆದು ಒಣಹಾಕುವುದು ನನ್ನದು. ಮಣ್ಣಿನ ಕಲೆ ಹೋಗುತ್ತದೆ, ರಕ್ತದ ಕಲೆಗೆ ತಣ್ಣೀರೇ ಬೇಕು ಎನ್ನುವುದನ್ನು ನಾನು ಕಲಿತದ್ದು ಹಾಗೆ.

ನನ್ನ ತಮ್ಮ ಹೊಳೆನರಸೀಪುರದಲ್ಲಿ ಗೂಡ್ಸ್ ಆಟೋ ಓಡಿಸುತ್ತಾನೆ. ಮೊದಲು ಆ ಊರಿನ ತಂಡಕ್ಕೆ ಆಡುತ್ತಿದ್ದ. ಮಂಡಿ ಕೆಟ್ಟ ಮೇಲೆ ಅದೇ ತಂಡಕ್ಕೆ ಕೋಚ್ ಆದ. ಅಪ್ಪ ಅಮ್ಮ ಇಬ್ಬರೂ ಇಲ್ಲ. ತವರು ಎಂದರೆ ನನಗೆ ಈಗ ಅವನೊಬ್ಬನೇ.

ಹಬ್ಬಕ್ಕೆ ಅವನು ಬಂದರೆ ಮನೆಯಲ್ಲಿ ಎಲೆ ಹಾಕುವ ಮೊದಲೇ ಶುರು.

"ಏನ್ ಭಾವ, ಈ ಸತಿನೂ ನಿಮ್ಮುಡುಗ್ರನ್ನ ಶುಂಠಿ ತೊಳ್ದಂಗೆ ತೊಳ್ದು ಕಳಿಸ್ಬೇಕಾ?"

"ಓಗ್ಲಾ ಓಗು. ನಿಮ್ಮೂರ್ ರೈಡರ್ರು ಗೆರೆ ದಾಟೋದ್ನ ನೋಡುದ್ರೆ, ಸೀರೆ ಎತ್ಕೊಂಡು ಅಳ್ಳ ದಾಟೋ ಮುದ್ಕಿ ಗ್ಯಾಪ್ಕ ಬತ್ತಳೆ."

"ಮುದ್ಕಿನಾದ್ರೂ ದಾಟ್ತಾಳೆ ಭಾವ. ನಿಮ್ಮೋರು ಅಳ್ಳದಲ್ಲೇ ಕುಂತವ್ರೆ."

ಇಬ್ಬರೂ ಪಕ್ಕಪಕ್ಕದ ಎಲೆಯಲ್ಲಿ ಕೂತು, ಒಬ್ಬರ ಎಲೆಗೆ ಇನ್ನೊಬ್ಬರು ತುಪ್ಪ ಬಡಿಸಿಕೊಂಡು ಹೀಗೆ ಬೈದಾಡುವರು. ನಾನು ಇವರ ಮಾತಿಗೂ ನಗುತ್ತಿದ್ದೆ, ಅವನ ಮಾತಿಗೂ ನಗುತ್ತಿದ್ದೆ. ನನ್ನನ್ನು ಕೇಳಿದರೆ ಇಬ್ಬರಿಗೂ ಹೂಂ ಎನ್ನುತ್ತಿದ್ದೆ. ಅದು ತಪ್ಪು ಎಂದು ಆಗ ಅನ್ನಿಸಿರಲಿಲ್ಲ.

ನಮ್ಮ ಮನೆದೇವರನ್ನು ನಾವು ಅಮ್ಮ ಎಂದೇ ಕರೆಯುವುದು. ಊರಾಚೆ ಕೆರೆ ಏರಿಯ ಮೇಲೆ ಚಿಕ್ಕ ಗುಡಿ. ಅಲ್ಲಿ ಹೂ ಕೇಳುವ ಪದ್ಧತಿ ಇದೆ. ಪೂಜಾರಪ್ಪ ಅಮ್ಮನ ಎರಡು ಭುಜಕ್ಕೂ ನೀರಿನಲ್ಲಿ ಅದ್ದಿದ ಹೂ ಅಂಟಿಸುತ್ತಾರೆ. ನಾವು ಕಣ್ಣು ಮುಚ್ಚಿ ಮನಸ್ಸಿನಲ್ಲೇ ಕೇಳಿಕೊಳ್ಳಬೇಕು, ಬಾಯಿ ಬಿಡುವಂತಿಲ್ಲ. ಬಲಗಡೆಯ ಹೂ ಬಿದ್ದರೆ ಆಗುತ್ತದೆ ಎಂದು ಅರ್ಥ, ಎಡಗಡೆಯದು ಬಿದ್ದರೆ ಇಲ್ಲ. ನಾನು ಕೇಳಿದಾಗಲೆಲ್ಲ ಬಲಗಡೆಯೇ ಆಗುತ್ತದೆ ಎಂದು ಮನೆಯಲ್ಲಿ ಒಂದು ಹೆಸರು. ಅತ್ತೆಗೆ ಆಪರೇಷನ್ ಆದಾಗ ಆಯಿತು. ಮದುವೆಯಾಗಿ ಎಂಟು ವರ್ಷ ಮಕ್ಕಳಿಲ್ಲದೆ ಕೇಳಿದಾಗಲೂ ಆಯಿತು. ಮಗು ಹುಟ್ಟಿದರೆ ಅದರ ಮೊದಲ ಮುಡಿ ನಿನಗೇ ತಾಯಿ ಎಂದು ಅವತ್ತೇ ಹರಕೆ ಹೊತ್ತೆ. ಮರುವರ್ಷ ಮಗಳು ಹುಟ್ಟಿದಳು.

ಮುಡಿ ತೆಗೆಸುವುದಕ್ಕೆ ನಮ್ಮಲ್ಲಿ ಕಟ್ಟುಪಾಡುಂಟು. ಮಗು ಸೋದರಮಾವನ ತೊಡೆಯ ಮೇಲೆ ಕೂರಬೇಕು, ಮೊದಲ ಎಳೆಯನ್ನು ಅವನೇ ಕತ್ತರಿಸಬೇಕು. ಅದೂ ಬೆಸ ವರ್ಷದಲ್ಲಿ. ಮೊದಲ ವರ್ಷ ಸೂತಕ ಬಂದು ತಪ್ಪಿತು. ಮೂರು ತುಂಬುವುದರೊಳಗೆ ಆಗಬೇಕು, ಇಲ್ಲವಾದರೆ ನಾಲ್ಕು ತುಂಬಿ ಐದಕ್ಕೆ ಬೀಳುವವರೆಗೂ ಕತ್ತರಿ ಸೋಕಿಸುವಂತಿಲ್ಲ. ಮಗಳಿಗೆ ಎರಡು ದಾಟಿತ್ತು. ಮುಡಿಗೆ ಒಂದು ಒಳ್ಳೆಯ ದಿನ ನೋಡೋಣ ಎನ್ನುತ್ತಿರುವಾಗಲೇ ಹಾಸನದ ಪಂದ್ಯ ಬಂತು.

ಸೆಮಿಫೈನಲ್‌ನಲ್ಲಿ ಅರಕಲಗೂಡಿಗೆ ಹೊಳೆನರಸೀಪುರವೇ ಎದುರು. ಆ ವಾರ ನಮ್ಮ ಮನೆಯಲ್ಲಿ ಬೇರೆ ಮಾತಿಲ್ಲ. ಶುಕ್ರವಾರ ಬೆಳಿಗ್ಗೆ ಇವರು ಹಲ್ಲುಜ್ಜುತ್ತಲೇ ಹೇಳಿದರು: "ಗುಡಿಗ್ ಓಗಿ ಒಂದ್ ಹೂ ಕೇಳ್ಕೊಂಡ್ ಬಾರೆ. ನೀ ಕೇಳುದ್ರೆ ಆಯ್ತದೆ."

ನಾನು ಬುಟ್ಟಿ ಹಿಡಿದು ಹೊರಡುವಾಗ ತಮ್ಮನ ಫೋನು. "ಅಕ್ಕ, ಶುಕ್ರವಾರ ಅಲ್ವಾ, ಗುಡಿಗ್ ಓಯ್ತಿದಿಯಾ? ಉಟ್ಟಿದೂರ್ನ ಮರೀಬ್ಯಾಡ ಕಣಕ್ಕ. ನಮ್ಗೂ ಒಂದ್ ಹೂವ ಕೇಳು."

ಇವರಿಗೂ ಇಲ್ಲ ಎನ್ನಲಾಗಲಿಲ್ಲ, ಅವನಿಗೂ ಇಲ್ಲ ಎನ್ನಲಾಗಲಿಲ್ಲ. ಗರ್ಭಗುಡಿಯ ಮುಂದೆ ಕಣ್ಣು ಮುಚ್ಚಿ ನಿಂತೆ. ಯಾರ ಗೆಲುವು ಕೇಳಲಿ? ಹಿಂದಿನ ವರ್ಷದ ಆಟದಲ್ಲಿ ಒಬ್ಬ ಹುಡುಗನ ಹೆಗಲಮೂಳೆ ಮುರಿದದ್ದು ನೆನಪಿಗೆ ಬಂತು. ಯಾರಾದರೂ ಗೆಲ್ಲಲಿ ತಾಯಿ, ಎಲ್ಲರೂ ಕೈಕಾಲು ನೆಟ್ಟಗಿಟ್ಟುಕೊಂಡು ಮನೆ ಸೇರಲಿ ಎಂದು ಕೇಳಿಕೊಂಡೆ. ಕಣ್ಣು ಬಿಡುವಷ್ಟರಲ್ಲಿ ಬಲಭುಜದ ಬಿಳಿ ಸೇವಂತಿಗೆ ಜಾರಿ ಬಿತ್ತು.

ಮನೆಗೆ ಬಂದು ಇವರಿಗೆ "ಬಲಗಡೆ ಆಯ್ತು" ಎಂದೆ. ತಮ್ಮನಿಗೆ ಫೋನು ಮಾಡಿ "ಬಲಗಡೆ ಆಯ್ತು ಕಣಪ್ಪ" ಎಂದೆ. ಆಡಿದ್ದು ಸುಳ್ಳಲ್ಲ. ಇವರ ಮುಖ ಅರಳಿದ್ದನ್ನು ಕಂಡು, ಅವನು ಅಲ್ಲಿಂದ ಕೇಕೆ ಹಾಕಿದ್ದನ್ನು ಕೇಳಿ, ಪೂರ್ತಿ ಹೇಳಲು ನನಗೆ ಬಾಯಿ ಬರಲಿಲ್ಲ.

ಭಾನುವಾರ ಮಧ್ಯಾಹ್ನ ಹಾಸನದ ಮೈದಾನದಲ್ಲಿ ಹೆಂಗಸರ ಕಡೆ ಮಗಳನ್ನು ತೊಡೆಯಲ್ಲಿ ಕೂರಿಸಿಕೊಂಡಿದ್ದೆ. ಆಟ ಸಮಸಮ ಬಂದು ಕೊನೆಯ ರೈಡಿಗೆ ನಿಂತಿತು. ನೀಲಿ ಬನಿಯನ್ನು ತೊಟ್ಟ ಹೊಳೆನರಸೀಪುರದ ಉದ್ದನೆಯ ಹುಡುಗ ಒಳಗೆ ಬಂದ. ನಮ್ಮ ಕಡೆಯವನೊಬ್ಬ ಅವನ ಹಿಮ್ಮಡಿ ಹಿಡಿದ, ಉಳಿದವರು ಮೇಲೆ ಬಿದ್ದರು. ಆ ರಾಶಿಯ ಒಳಗಿಂದ ಒಂದು ಕೈ ಮಾತ್ರ ನಡುಗೆರೆಯ ಕಡೆಗೆ ಚಾಚಿತು. ಮುಟ್ಟಿತೋ ಇಲ್ಲವೋ ನನಗಂತೂ ಕಾಣಲಿಲ್ಲ. ಅಂಪೈರ್ ಮುಟ್ಟಿತು ಎಂದು ಕೈ ತೋರಿಸಿದರು. ಹೊಳೆನರಸೀಪುರ ಗೆದ್ದಿತು.

ನಮ್ಮ ಯಜಮಾನರು ಚಪ್ಪಲಿ ಕಾಲಿನಲ್ಲೇ ಮ್ಯಾಟಿನ ಮೇಲೆ ಓಡಿದರು. "ಮುಟ್ಟಿಲ್ಲ ಸಾ! ಒಂದ್ ಗೇಣು ಇತ್ತು! ದೇವ್ರು ಕೊಟ್ಟ ಮ್ಯಾಚ್ನ ನೀವು ಕಿತ್ಕೊಡ್ತಿದೀರಾ!"

ಆ ಕಡೆಯಿಂದ ತಮ್ಮ ಬಂದ. "ದೇವ್ರು ಕೊಟ್ಟಿದ್ದು ನಮ್ಗೆ ಭಾವ. ಬೇಕಾದ್ರೆ ಅಕ್ಕನ್ನೇ ಕೇಳಿ, ಬಲಗಡೆ ಆಗದೆ."

"ಬಲಗಡೆ ಆಗಿದ್ದು ನಮ್ಗೆ ಕಣ್ಲಾ. ನನ್ ಎಂಡ್ರು ನನ್ಗೇ ಏಳವ್ಳೆ. ನಿನ್ಗೇನೋ ಸಮಾಧಾನಕ್ಕೆ ಅಂದಿರ್ಬೇಕು."

"ಸಮಾಧಾನ ಮಾಡಿರೋದು ನಿಮ್ಗೆ!"

ಮೈದಾನದಲ್ಲಿದ್ದವರೆಲ್ಲ ಇದನ್ನೇ ನೋಡತೊಡಗಿದರು. ಇವರು ಹೆಂಗಸರ ಕಡೆ ತಿರುಗಿ ಕೂಗಿದರು: "ಏನೇ, ಯಾರ್ಗ್ ಕೇಳ್ದೆ, ಇಲ್ಲೇ ಏಳ್ಬುಡು!"

ಎದ್ದು ನಿಂತೆ. ಇವರಿಗೆ ಎನ್ನಲಾರೆ, ಅವನಿಗೆ ಎನ್ನಲಾರೆ. ನಿಮಗಿಬ್ಬರಿಗೂ ಕೇಳಲಿಲ್ಲ ಎಂದರೆ ಅಷ್ಟು ಜನರ ಮುಂದೆ ಇಬ್ಬರ ಮುಖಕ್ಕೂ ಮಸಿ. ಮಗಳ ಲಂಗದ ದಾರವನ್ನು ಬಿಚ್ಚಿ ಮತ್ತೆ ಕಟ್ಟಿದೆ. ಅಷ್ಟೇ ನನ್ನಿಂದ ಆದದ್ದು.

"ನೋಡುದ್ರೇನ್ರಪ್ಪ, ಅಕ್ಕನ್ನ ಎದ್ರುಸಿ ಬಾಯಿ ಮುಚ್ಚಿಸವ್ರೆ. ಭಾವ, ಇನ್ ನಿಮ್ಮನೆ ವಸ್ಲು ತುಳಿದ್ರೆ ಕೇಳಿ" ಎಂದ ತಮ್ಮ.

"ಬಂದ್ರೂ ನಿನ್ಗೆ ಎಲೆ ಆಕೋರ್ ಯಾರ್ಲಾ" ಎಂದರು ಇವರು.

ಸಂಜೆಯ ಫೈನಲ್‌ನಲ್ಲಿ ಚನ್ನರಾಯಪಟ್ಟಣದವರು ಹೊಳೆನರಸೀಪುರವನ್ನು ಸುಲಭವಾಗಿ ಮಡಚಿ ಹಾಕಿದರು. ಗೆದ್ದ ಕಪ್ ಅವರ ಟೆಂಪೋ ಹತ್ತಿತು. ನಮ್ಮವರಿಬ್ಬರಿಗೂ ಆ ಕಪ್ಪಿನ ಚಿಂತೆಯೇ ಇರಲಿಲ್ಲ.

ಅವತ್ತು ಯಾರ ಕೈಯೂ ಮುರಿಯಲಿಲ್ಲ, ಕಾಲೂ ಮುರಿಯಲಿಲ್ಲ. ಅಮ್ಮ ಮಾತು ಉಳಿಸಿಕೊಂಡಳು. ಕೈಕಾಲಿನದನ್ನು ಕೇಳಿದ್ದೆ, ಬಾಯಿಯದನ್ನು ಕೇಳುವುದು ನನಗೇ ಹೊಳೆದಿರಲಿಲ್ಲ.

ತಮ್ಮ ಬರುವುದನ್ನು ಬಿಟ್ಟ. ಗೌರಿಹಬ್ಬಕ್ಕೆ ಬಾಗಿನ ಬಂತು, ಯಾರದೋ ಕೈಯಲ್ಲಿ. ಅಷ್ಟಾದರೂ ಬಂತಲ್ಲ ಎಂದು ಕಣ್ಣಿಗೊತ್ತಿಕೊಂಡೆ. ಮಗಳ ಕೂದಲು ಬೆಳೆಯುತ್ತಲೇ ಇತ್ತು. ಬೆನ್ನು ಮುಟ್ಟಿತು. ಬೇಸಿಗೆ ಬಂದಾಗ ಕತ್ತಿನ ಸುತ್ತ ಬೆವರುಸಾಲೆ ಎದ್ದು, ಆಮೇಲೆ ನೆತ್ತಿಯ ಮೇಲೆ ಕುರು ಶುರುವಾಯಿತು. ಬಾಚಣಿಗೆ ಕಂಡರೆ ಅಳುವಳು. ಎರಡು ಸಲ ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ಮುಲಾಮು ಬರೆದುಕೊಟ್ಟು, "ಮೊದಲು ಕೂದಲು ತೆಗೆಸಿ, ಗಾಳಿ ಆಡಬೇಕು" ಎಂದರು.

ಅತ್ತೆ ಒಪ್ಪಲಿಲ್ಲ. "ಮಾವ್ನ ತೊಡೆ ಮ್ಯಾಲೇ ಆಗ್ಬೇಕು ಕಣವ್ವ. ಅರಕೆ ಇದು, ಆಟ ಅಲ್ಲ."

ಮಗಳಿಗೆ ಮೂರು ತುಂಬಲು ಒಂದು ತಿಂಗಳಿತ್ತು. ಅದು ದಾಟಿದರೆ ಇನ್ನೂ ಒಂದು ವರ್ಷಕ್ಕೂ ಹೆಚ್ಚು ಕಾಲ ಅವಳು ಆ ಕುರುವಿನ ಮೇಲೆಯೇ ಕೂದಲು ಹೊರಬೇಕು. ನನ್ನ ಕೈಯಲ್ಲಿ ಇನ್ನೇನಿತ್ತು? ನಿಜ ಹೇಳಿಬಿಡೋಣ ಎಂದುಕೊಂಡೆ.

ಇವರು ಜಗುಲಿಯಲ್ಲಿ ಬಿತ್ತನೆ ಶುಂಠಿ ಆರಿಸುತ್ತಿದ್ದಾಗ ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಕೇಳಿಸಿಕೊಂಡು ನಕ್ಕರು. "ತಮ್ಮನ್ನ ಉಳಿಸ್ಕೊಳಕೆ ಕತೆ ಕಟ್ತಿದಿಯಾ. ಸೆಮಿಫೈನಲ್ ದಿಸ ದೇವ್ರತ್ರ ಓಗಿ ಗೆಲುವು ಕೇಳ್ದೆ ಕೈಕಾಲ್ ಕೇಳೋಳು ಎಲ್ಲಾರ ಉಂಟಾ?"

ತಮ್ಮನಿಗೆ ಫೋನು ಮಾಡಿ ಅದನ್ನೇ ಹೇಳಿದೆ. "ಇಂಗನ್ನು ಅಂತ ಭಾವ ಏಳ್ಕೊಟ್ರಾ ಅಕ್ಕ?" ಎಂದ.

ಅರ್ಧ ಹೇಳಿದಾಗ ಇಬ್ಬರೂ ಕಣ್ಣು ಮುಚ್ಚಿ ನಂಬಿದ್ದರು. ಪೂರ್ತಿ ಹೇಳಿದಾಗ ಒಬ್ಬರೂ ನಂಬಲಿಲ್ಲ. ಅವತ್ತು ದೇವರಮನೆಯಲ್ಲಿ ದೀಪ ಹಚ್ಚಿ, ಏನು ಕೇಳುವುದೆಂದು ತಿಳಿಯದೆ ಬತ್ತಿ ಸರಿಮಾಡಿ ಎದ್ದು ಬಂದೆ.

ಆಮೇಲೆ ತಮ್ಮನಿಗೆ ಇನ್ನೊಂದು ಸಲ ಹೇಳಿ ನೋಡಿದೆ: "ಮುಡಿ ತಗ್ಸೋದು ಗುಡೀಲಿ ಕಣಪ್ಪ. ಅದು ನಮ್ಮನೆ ವಸ್ಲಲ್ಲ, ಅಮ್ಮನ ವಸ್ಲು. ನಿನ್ ಮಾತು ಮುರಿಯಲ್ಲ."

"ನೋಡನ" ಎಂದು ಫೋನು ಇಟ್ಟ.

ಇವರು ಶುಕ್ರವಾರಕ್ಕೆ ದಿನ ಗೊತ್ತು ಮಾಡಿಯೇಬಿಟ್ಟರು. "ಅವ್ನು ಬರ್ದಿದ್ರೆ ಕತ್ತೆ ಬಾಲ. ನಮ್ ತಂಡದ ಕ್ಯಾಪ್ಟನ್ನು ವರ್ಸೇಲಿ ಮಾವನೇ ಆಗ್ಬೇಕು, ಅವ್ನೇ ಕುಂತ್ಕತ್ತನೆ ಬುಡು" ಎಂದರು. ವರಸೆ ನೋಡಿದರೆ ಅವನು ಏನೂ ಆಗಬೇಕಿರಲಿಲ್ಲ. ಅತ್ತೆ ಗೊಣಗಿದರು. ಮಗಳ ನೆತ್ತಿ ನೋಡಿ ನಾನು ಒಪ್ಪಿದೆ.

ಕೆಂಪು ಬನಿಯನ್ನಿನವರ ಮಾತು ನೀಲಿ ಬನಿಯನ್ನಿನವರಿಗೆ ತಲುಪಲು ತಡವೇನು? ಗುರುವಾರವೇ ಹೊಳೆನರಸೀಪುರಕ್ಕೆ ಸುದ್ದಿ ಹೋಗಿತ್ತು.

ಶುಕ್ರವಾರ ಬೆಳಿಗ್ಗೆ ಗುಡಿಯ ಮುಂದಿನ ಕಟ್ಟೆಯಲ್ಲಿ ಕ್ಯಾಪ್ಟನ್ ಚಕ್ಕಂಬಕ್ಕಲ ಹಾಕಿ ಕೂತಿದ್ದ. ಮಗಳು ಅವನ ತೊಡೆಯಲ್ಲಿ ಕಿರುಚಿ ಒದೆಯುತ್ತಿದ್ದಳು. ಪೂಜಾರಪ್ಪ ಕತ್ತರಿಗೆ ಅರಿಸಿನ ಹಚ್ಚುತ್ತಿದ್ದರು. ಗೂಡ್ಸ್ ಆಟೋ ಏರಿ ಹತ್ತಿ ಬಂದು ನಿಂತಿತು. ತಮ್ಮ ಇಳಿದ. ಹೊಳೆನರಸೀಪುರದ ನೀಲಿ ಬನಿಯನ್ನನ್ನೇ ಹಾಕಿಕೊಂಡು ಬಂದಿದ್ದ.

"ನನ್ ಸೊಸೆ ಮುಡಿನ ಅರಕಲಗೂಡ್ ಕ್ಯಾಪ್ಟನ್ ತೊಡೆ ಮ್ಯಾಲೆ ತಗುಸ್ತಾರಂತಾ? ಏಳಪ್ಪ ಎದ್ದೇಳು, ಇದ್ ನಿನ್ ಜಾಗ ಅಲ್ಲ."

ಕ್ಯಾಪ್ಟನ್ ತಟಕ್ಕನೆ ಎದ್ದ. "ಬಾರಣ್ಣ ಕುಂತ್ಕ. ನಿನ್ ಸೊಸೆ ಒದ್ದೂ ಒದ್ದೂ ನನ್ ಮಂಡಿ ಕಳಚ್ಬುಟ್ಲು. ಇವಳ್ನ ನಿಮ್ ತಂಡಕ್ಕೆ ಆಕ್ಕಳಿ, ನಾವು ಬಚಾವಾಗಲ್ಲ."

ಎಲ್ಲರೂ ನಕ್ಕರು. ಇವರು ನಗಲಿಲ್ಲ. ತಮ್ಮನೂ ನಗಲಿಲ್ಲ. ಮಾವನನ್ನು ಕಂಡು ಎಷ್ಟು ತಿಂಗಳಾಗಿತ್ತೋ, ಮಗಳು ಗುರುತು ಹಿಡಿದಂತೆ ಅವನ ತೊಡೆಯ ಮೇಲೆ ಬಿಕ್ಕುತ್ತ ಬಿಕ್ಕುತ್ತ ಸುಮ್ಮನಾದಳು. ಅವನು ಮೊದಲ ಎಳೆ ಕತ್ತರಿಸಿ ತಟ್ಟೆಯಲ್ಲಿಟ್ಟ. ಆಮೇಲೆ ಮುಡಿ ತೆಗೆಯುವವರು ಬಂದು ಕುರು ತಾಗದ ಹಾಗೆ ಮೆತ್ತಗೆ ಬೋಳಿಸಿದರು. ನನ್ನ ಮೇಲಿನ ಅಕ್ಕರೆಗೆ ಬಂದನೋ, ಅರಕಲಗೂಡಿನ ಮೇಲಿನ ಹಟಕ್ಕೆ ಬಂದನೋ ನಾನು ಕೇಳಲಿಲ್ಲ. ಹಟವಾದರೂ ಕರೆತಂದಿತಲ್ಲ.

ಊಟಕ್ಕೆ ಗುಡಿಯ ಹಿಂದೆ ಎಲೆ ಹಾಕಿದ್ದರು. ತಮ್ಮ ನಲ್ಲಿಯ ಹತ್ತಿರ ಕೈ ತೊಳೆಯುತ್ತ ನಿಂತ. ತೊಳೆದ ಕೈಯನ್ನೇ ಮತ್ತೆ ತೊಳೆದ.

"ಬಾರಪ್ಪ, ಉಣ್ಣು" ಎಂದೆ.

"ನೀ ಕರುದ್ರೆ ಸಾಕಾ ಅಕ್ಕ? ಎಲೆ ಆಕಲ್ಲ ಅಂದೋರು ಕರೀಬೇಕು."

ಇವರಿಗೆ ಕೇಳಿಸುವಷ್ಟು ಗಟ್ಟಿಯಾಗಿಯೇ ಹೇಳಿದ. ಇವರು ಆ ಕಡೆ ಮುಖ ಮಾಡಿ, ಅಡುಗೆಯವರ ಹತ್ತಿರ ಸಾರಿಗೆ ಉಪ್ಪು ಸಾಕೇ ಎಂದು ಕೇಳುತ್ತಿದ್ದರು. ನಾನು ಇವರ ಬೆನ್ನು ನೋಡಿದೆ, ಅವನ ಮುಖ ನೋಡಿದೆ. "ರೀ" ಎಂದೆ ಮೆಲ್ಲಗೆ. ಉಪ್ಪಿನ ಮಾತು ಮುಗಿಯಲೇ ಇಲ್ಲ.

ತಮ್ಮ ಮಗಳ ಕೈಗೆ ಬೆಳ್ಳಿಯ ಬಳೆ ತೊಡಿಸಿ, ಬೋಳುತಲೆಯ ಮೇಲೆ ಒಂದು ಸಲ ಕೈ ಸವರಿ ಆಟೋ ಹತ್ತಿದ. ಏರಿ ಇಳಿಯುವವರೆಗೂ ಸದ್ದು ಕೇಳಿಸಿತು.

ಅವನಿಗೆಂದು ಹಾಕಿದ್ದ ಎಲೆಗೆ ಆಗಲೇ ಪಾಯಸ, ಕೋಸಂಬರಿ ಬಡಿಸಿಯಾಗಿತ್ತು. ಅತ್ತೆ ಅದನ್ನು ಎತ್ತಿಕೊಂಡು ಹೋಗಿ ಹಸುವಿಗೆ ಇಟ್ಟರು. ಇವರು ಬಂದು ಕೂತರು. ನಾನು ಮಗಳನ್ನು ಸೊಂಟದಲ್ಲಿ ಎತ್ತಿಕೊಂಡೇ ಸಾರು ಬಡಿಸಲು ಬಗ್ಗಿದೆ. ಗಂಧ ಸವರಿದ ಅವಳ ನೆತ್ತಿ ನನ್ನ ಗಲ್ಲಕ್ಕೆ ತಣ್ಣಗೆ ತಾಗಿತು. ಎಷ್ಟೋ ದಿನದ ಮೇಲೆ ಕೆರೆದುಕೊಳ್ಳದೆ ನಿದ್ದೆ ಹೋಗುತ್ತಿದ್ದಳು.

ಇವರು ಅನ್ನ ಕಲಸುತ್ತ, ತಲೆ ಎತ್ತದೆ, "ಆ ಕೈ ಗೆರೆ ಮುಟ್ಟಿರ್ಲಿಲ್ಲ ಕಣೆ" ಎಂದರು.

ಹೂಂ ಎನ್ನಲು ಬಾಯಿ ತೆರೆದೆ. ಬರಲಿಲ್ಲ. ಇನ್ನೊಂದು ಸೌಟು ಸಾರು ಹಾಕಿ ಮುಂದಿನ ಎಲೆಗೆ ಹೋದೆ.